ಅಕ್ಕನ ಎಣಿಕೆ

ನಮ್ಮ ಮನೆಗೆ ಬಂದವರು ಹೊಸ್ತಿಲು ದಾಟುವ ಮೊದಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ವಾರ್ನಿಷಿನ ವಾಸನೆ. ಬೈಲಹೊಂಗಲದ ಪೇಟೆಯ ಹಿಂದಿನ ಓಣಿಯಲ್ಲಿದ್ದ ಆ ಮನೆಗೆ ಮೂರೇ ಕೋಣೆ, ಒಂದರ ಹಿಂದೆ ಒಂದು. ಮುಂದಿನದು ಅಪ್ಪನ ಅಂಗಡಿ. ಸುತ್ತಲಿನ ಹಳ್ಳಿಗಳ ಬಾವಿಗಳ ಮೇಲೆ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಅಪ್ಪ ಅಲ್ಲಿ ಕೂತು ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಿದ್ದ. ನಡುವಿನ ಕೋಣೆಯಲ್ಲಿ ದೇವರ ಜಗುಲಿ, ಜೋಳದ ಚೀಲಗಳು, ನಮ್ಮ ಹಾಸಿಗೆ, ನಮ್ಮ ಪುಸ್ತಕ ಎಲ್ಲ ಒಟ್ಟಿಗೇ ಇದ್ದವು. ಹಿಂದಿನದು ಅಡುಗೆಮನೆ, ಅದರಾಚೆ ಹಿತ್ತಿಲು. ತಂತಿ ಸುತ್ತಿ ವಾರ್ನಿಷ್ ಹಚ್ಚಿದ ಮೋಟಾರಿನ ಹೊಟ್ಟೆಯೊಳಗೆ ಅಪ್ಪ ಒಂದು ದೊಡ್ಡ ಬಲ್ಬು ಇಟ್ಟು, ಮೇಲೆ ಗೋಣಿಚೀಲ ಮುಚ್ಚಿ ಒಣಗಲು ಬಿಡುತ್ತಿದ್ದ. ಆ ಬಿಸಿಗೆ ಏಳುವ ವಾಸನೆ ಮೂರು ಕೋಣೆಗಳನ್ನೂ ದಾಟಿ ಒಲೆಯವರೆಗೆ ಹೋಗುತ್ತಿತ್ತು. ಅವ್ವನಿಗೆ ದಿನಾ ಅದೇ ಜಗಳ.

"ನನ್ನ ರೊಟ್ಟಿಗೂ ನಿಮ್ಮ ವಾರ್ನಿಷ್ ಹತ್ತೇತಿ ನೋಡ್ರಿ. ತಿಂದವ್ರಿಗೆ ಕರೆಂಟ್ ಹೊಡದ್ರ ನನಗ ಕೇಳಬ್ಯಾಡ್ರಿ."

ಹಾಗೆ ಬೈದ ಅವ್ವನೇ ಚಳಿಗಾಲದಲ್ಲಿ ಮೊಸರಿನ ಗಡಿಗೆ ತಂದು ಆ ಗೋಣಿಚೀಲದ ಮಗ್ಗುಲಲ್ಲಿ ಇಡುತ್ತಿದ್ದಳು. ಓಣಿಯಲ್ಲಿ ಎಲ್ಲರ ಮನೆಯ ಹಾಲು ಹೆಪ್ಪಾಗದೆ ಉಳಿದ ದಿನ ನಮ್ಮ ಮನೆಯಲ್ಲಿ ಮಾತ್ರ ಗಟ್ಟಿ ಮೊಸರು ಇರುತ್ತಿತ್ತು. ಅಪ್ಪ ಅದನ್ನು ಊಟದ ಹೊತ್ತಿಗೆ ಎತ್ತಿ ಆಡುವನು, ಅವ್ವ ಕೇಳಿಸದವಳ ಹಾಗೆ ಇನ್ನೊಂದು ರೊಟ್ಟಿ ಬಡಿಯುವಳು.

ಅಪ್ಪನ ಕೆಲಸದ ರೀತಿಯೇ ಬೇರೆ ಇತ್ತು. ಮೋಟಾರು ಚಕ್ಕಡಿಯಿಂದ ಇಳಿದ ಕೂಡಲೇ ಪಾನಾ ಹಿಡಿದು ನಟ್ಟು ಬಿಚ್ಚುವವನಲ್ಲ. ಮೊದಲು ತಂದವನನ್ನು ಕಟ್ಟಿಗೆಯ ಬಾಂಕಿನ ಮೇಲೆ ಕೂರಿಸಿ, ನೀರು ಕೊಟ್ಟು, ಕೇಳಲು ಶುರು ಮಾಡುತ್ತಿದ್ದ. ಸುಡುವ ಮೊದಲು ಹೇಗೆ ಸಪ್ಪಳ ಮಾಡುತ್ತಿತ್ತು? ನೀರು ಒಮ್ಮೆಲೇ ನಿಂತಿತೋ, ಸಣ್ಣಗಾಗುತ್ತಾ ನಿಂತಿತೋ? ಅವತ್ತು ಪಕ್ಕದ ಹೊಲದವರ ಮೋಟಾರು ಓಡುತ್ತಿತ್ತೋ? ತಲೆಗೆ ಪಟಕಾ ಸುತ್ತಿದ ಹಿರಿಯ ರೈತರು ನಮ್ಮ ಮುಂದಿನ ಕೋಣೆಯಲ್ಲಿ ಕೂತು ಗುಂಯ್ ಅಂತಲೋ ಗರರ್ ಅಂತಲೋ ಮೋಟಾರಿನ ಹಾಗೆ ಸಪ್ಪಳ ಮಾಡಿ ತೋರಿಸುವುದು ನಮಗೆ ದಿನದ ನಾಟಕ. ಒಳಗಿನ ಬಾಗಿಲ ಹಿಂದೆ ನಿಂತು ನಾನೂ ಅಕ್ಕನೂ ಬಾಯಿಗೆ ಸೆರಗು, ಲಂಗ ಏನು ಸಿಕ್ಕರೆ ಅದನ್ನು ತುರುಕಿಕೊಂಡು ನಗುತ್ತಿದ್ದೆವು. ಅಪ್ಪ ಮಾತ್ರ ನಗುತ್ತಿರಲಿಲ್ಲ. ಇನ್ನೊಮ್ಮೆ ಮಾಡಿ ತೋರಿಸ್ರಿ ಎನ್ನುತ್ತಿದ್ದ.

ಕೇಳುವುದು ಮುಗಿದ ಮೇಲೆ ಮೋಟಾರು ಬಿಚ್ಚಿ, ಕಬ್ಬಿಣದ ಸಂದುಗಳಲ್ಲಿ ಕರಕಲಾಗಿ ಕೂತ ಹಳೆಯ ತಂತಿಯ ಸುರುಳಿಯನ್ನು ಒಂದು ಬದಿಯಲ್ಲಿ ಉಳಿಯಿಂದ ಕಡಿಯುತ್ತಿದ್ದ. ಕಡಿದ ಕಡೆ ಕೂದಲಿನಂಥ ತುದಿಗಳು ಹೊರಗೆ ಕಾಣುತ್ತವೆ. ಒಂದು ಸುರುಳಿಯಲ್ಲಿ ಎಷ್ಟು ತುದಿ ಇವೆಯೋ ಅಷ್ಟು ಸುತ್ತು. ಹೊಸ ತಂತಿಯನ್ನೂ ಅಷ್ಟೇ ಸುತ್ತಬೇಕು. ಕಡಿಮೆಯಾದರೆ ಮೋಟಾರು ಕಾದು ಮತ್ತೆ ಸುಡುತ್ತದೆ, ಹೆಚ್ಚಾದರೆ ನೀರೆತ್ತುವ ಶಕ್ತಿ ಇರುವುದಿಲ್ಲ. ಈ ಎಣಿಸುವ ಕೆಲಸ ನಮ್ಮಿಬ್ಬರದು. ಸಣ್ಣ ಬೆರಳಿನವರಿಗೆ ಅದು ಸಲೀಸು ಎಂದು ಅಪ್ಪ ನಾವು ಐದನೆಯ, ಆರನೆಯ ತರಗತಿಯಲ್ಲಿದ್ದಾಗಲೇ ಹಚ್ಚಿದ್ದ. ಸುಟ್ಟ ವಾರ್ನಿಷಿಗೆ ತಂತಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಸೂಜಿಯಿಂದ ಒಂದೊಂದನ್ನೇ ಬಿಡಿಸಬೇಕು. ಕೆಲವು ಮುಟ್ಟಿದರೆ ಮುರಿಯುತ್ತವೆ. ಮುರಿದದ್ದನ್ನು ಎಣಿಸಿದೆವೋ ಬಿಟ್ಟೆವೋ ಎಂದು ಮರೆತರೆ ಮತ್ತೆ ಮೊದಲಿಂದ. ಇಬ್ಬರೂ ಬೇರೆ ಬೇರೆ ಎಣಿಸಿ, ಒಬ್ಬರಿಗೊಬ್ಬರು ಹೇಳದೆ, ಅಪ್ಪನಿಗೆ ಹೇಳಬೇಕೆಂಬುದು ನಿಯಮ. ಎರಡೂ ಬೇರೆ ಬಂದರೆ ಅಪ್ಪ ಯಾರದು ಸರಿ ಎನ್ನುತ್ತಿರಲಿಲ್ಲ. ಇಬ್ಬರಿಗೂ ಸೂಜಿ ಮರಳಿ ಕೊಡುತ್ತಿದ್ದ.

ಅಕ್ಕ ಅಂದರೆ ಗಂಗಾ. ನನಗಿಂತ ಒಂದೂವರೆ ವರ್ಷ ದೊಡ್ಡವಳು. ಏಳನೆಯ ತರಗತಿಯ ಪರೀಕ್ಷೆಯ ಹೊತ್ತಿಗೆ ವಿಷಮಶೀತ ಜ್ವರ ಬಂದು ಒಂದು ವರ್ಷ ಹಿಂದೆ ಬಿದ್ದು, ನನ್ನ ತರಗತಿಗೇ ಬಂದು ಕೂತಳು. ಜ್ವರದ ಸಂಗತಿ ಎಲ್ಲರಿಗೂ ಬೇಗ ಮರೆತುಹೋಯಿತು. ಹಿಂದೆ ಬಿದ್ದದ್ದು ಮಾತ್ರ ನೆನಪಿನಲ್ಲಿ ಉಳಿಯಿತು. ಅವಳು ನಿಧಾನ. ರೊಟ್ಟಿ ತಿನ್ನುವುದೂ ನಿಧಾನ, ಜಡೆ ಹಾಕಿಕೊಳ್ಳುವುದೂ ನಿಧಾನ, ಲೆಕ್ಕ ಮಾಡುವುದಂತೂ ಕೇಳಲೇಬೇಡಿ. ನಾನು ಚುರುಕು. ಬಂದ ಗಿರಾಕಿಗಳಿಗೆಲ್ಲ ಅಪ್ಪ ನಮ್ಮಿಬ್ಬರನ್ನು ಪರಿಚಯ ಮಾಡಿಕೊಡುತ್ತಿದ್ದದ್ದೇ ಹಾಗೆ.

"ಇಕಿ ಸುಮಾ, ಭಾಳ ಹುಷಾರ್ ಅದಾಳ್ರಿ. ಅಕಿ ದೊಡ್ಡಾಕಿ, ಪಾಪ ಸಾವಕಾಶ."

ಆ 'ಪಾಪ' ಎಂಬ ಮಾತು ಅಕ್ಕನಿಗೆ ಎಷ್ಟು ತಾಗುತ್ತಿತ್ತೋ ನಾನು ಎಂದೂ ಯೋಚಿಸಲಿಲ್ಲ. ನನಗೆ 'ಹುಷಾರ್' ಎಂಬುದು ಸಾಕಷ್ಟು ಸಿಹಿಯಾಗಿತ್ತು. ಅದನ್ನು ಉಳಿಸಿಕೊಳ್ಳಲು ನಾನು ಏನು ಬೇಕಾದರೂ ಮಾಡಲು ತಯಾರಿದ್ದೆ, ಒಂದನ್ನು ಬಿಟ್ಟು: ಒಂದು ಲೆಕ್ಕದ ಮುಂದೆ ಗೊತ್ತಾಗದೆ ಕೂತಿರುವುದು.

ಈಗ ಕಿತ್ತೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳಾಗಿ ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹತ್ತನೆಯ ತರಗತಿ ಮುಗಿಯುವವರೆಗೆ ನಾನು ಒಂದು ಲೆಕ್ಕವನ್ನೂ ಬಿಡಿಸಿದವಳಲ್ಲ. ಪುಸ್ತಕದ ಅಷ್ಟೂ ಲೆಕ್ಕಗಳನ್ನು ಗೈಡಿನಿಂದ ಬಾಯಿಪಾಠ ಮಾಡಿದ್ದೆ. ನಮ್ಮ ಗಣಿತದ ಮೇಷ್ಟ್ರು ಹಲಗೆಯ ಮೇಲೆ ಲೆಕ್ಕದ ಎರಡನೆಯ ಸಾಲು ಬರೆಯುವಷ್ಟರಲ್ಲಿ ನಾನು ಕೂತಲ್ಲಿಂದಲೇ ಉತ್ತರ ಕೂಗುತ್ತಿದ್ದೆ. ಅವರೂ ಹಿಗ್ಗುತ್ತಿದ್ದರು. ಅವರ ಪರೀಕ್ಷೆಗಳಲ್ಲಿ ಪುಸ್ತಕದ ಲೆಕ್ಕವೇ, ಪುಸ್ತಕದ ಅಂಕಿಯೇ. ಹಾಗಾಗಿ ಲೆಕ್ಕ ಎಂದರೆ ಗೊತ್ತಿರುವುದು ಅಥವಾ ಗೊತ್ತಿಲ್ಲದಿರುವುದು, ನಡುವೆ ಏನೂ ಇಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಎರಡು ನಿಮಿಷದಲ್ಲಿ ಬಾರದ್ದು ಎರಡು ತಾಸು ಕೂತರೂ ಬರುವುದಿಲ್ಲ, ಕೂರುವವರು ದಡ್ಡರು.

ಅಕ್ಕ ಕೂರುತ್ತಿದ್ದಳು. ಶೇಂಗಾ ಸುಲಿಯುತ್ತಾ ಒಂದು ಲೆಕ್ಕವನ್ನು ಎದುರಿಗೆ ಇಟ್ಟುಕೊಂಡರೆ ಬುಟ್ಟಿ ಖಾಲಿಯಾಗುವವರೆಗೂ ಅದೇ ಲೆಕ್ಕ. ಶಾಲೆಯಲ್ಲಿ ಒಮ್ಮೆ ಎದ್ದು ನಿಂತು, ಸಮೀಕರಣದಲ್ಲಿ ಈ ಕಡೆಯ ಸಂಖ್ಯೆ ಆ ಕಡೆಗೆ ಹೋದರೆ ಕೂಡುವುದು ಕಳೆಯುವುದು ಯಾಕೆ ಆಗಬೇಕು ಸರ್ ಎಂದು ಕೇಳಿದ್ದಳು. ಮೇಷ್ಟ್ರು ಕಟ್ಟಿಗೆಯ ಪಟ್ಟಿಯಿಂದ ಅಂಗೈ ಮೇಲೆ ಎರಡು ಕೊಟ್ಟು ಕೂರಿಸಿದರು. ಇಡೀ ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ತಂತಿ ಎಣಿಸುವಲ್ಲೂ ನನ್ನ ಜಾಣತನ ಅದೇ ದಾರಿ ಹಿಡಿದಿತ್ತು. ನಮ್ಮ ಕಡೆ ಹೆಚ್ಚಾಗಿ ಬರುತ್ತಿದ್ದದ್ದು ಹಸಿರು ಬಣ್ಣದ ಐದು ಎಚ್‌ಪಿ ಮೋಟಾರು. ಅದರ ಸುತ್ತು ಯಾವಾಗಲೂ ನಲವತ್ತಾರು. ನಾಲ್ಕಾರು ಸಲ ಎಣಿಸಿದ ಮೇಲೆ ನಾನು ಎಣಿಸುವುದನ್ನೇ ಬಿಟ್ಟೆ. ಸೂಜಿ ಹಿಡಿದು ಸ್ವಲ್ಪ ಹೊತ್ತು ಕೆದರಿದ ಹಾಗೆ ಮಾಡಿ ನಲವತ್ತಾರು ಎನ್ನುತ್ತಿದ್ದೆ. ಅಕ್ಕ ಹತ್ತು ಹತ್ತು ತುದಿಗಳಿಗೆ ನೂಲು ಕಟ್ಟುತ್ತಾ, ತಪ್ಪಿ, ಬಿಚ್ಚಿ, ಮತ್ತೆ ಕಟ್ಟಿ, ಬೆವರೊರೆಸಿಕೊಂಡು ಕೊನೆಗೆ ಬಂದು ನಲವತ್ತಾರು ಎನ್ನುತ್ತಿದ್ದಳು. ಅಷ್ಟು ಹೊತ್ತಿಗೆ ನಾನು ಓಣಿಯಲ್ಲಿ ಆಡಲು ಹೋಗಿ ಬಂದಿರುತ್ತಿದ್ದೆ.

ಹತ್ತನೆಯ ತರಗತಿ ಶುರುವಾಗುವ ಮುಂಚಿನ ಬೇಸಿಗೆ. ಕರೆಂಟು ಏರಿ ಇಳಿದು ದಿನಕ್ಕೆ ನಾಲ್ಕು ಮೋಟಾರು ಸುಡುತ್ತಿದ್ದ ಕಾಲ. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುರಗೋಡದಿಂದ ಬಸಲಿಂಗಪ್ಪ ಎಂಬ ರೈತ ಹಸಿರು ಮೋಟಾರೊಂದನ್ನು ತಂದು, ಮೆಣಸಿನ ಗಿಡ ಬಾಡುತ್ತಿವೆ, ನಾಳೆಯೇ ಬೇಕು ಎಂದು ಕೈಮುಗಿದು ಹೋಗಿದ್ದ. ಅಪ್ಪ ಸುರುಳಿ ಕಡಿದಿಟ್ಟು, ತಂತಿ ತರಲು ಹುಬ್ಬಳ್ಳಿಗೆ ಹೊರಡುವ ಅವಸರದಲ್ಲಿದ್ದ. ಅವತ್ತು ಒಂದು ದಿನಕ್ಕೆ ನಿಯಮ ಸಡಿಲಿಸಿದ.

"ಇಬ್ರೂ ಎಣಿಸಿ, ಕೂಡಿ ನೋಡಿ, ಒಂದ ನಂಬರ್ ಮೋಟಾರ್ ಮ್ಯಾಲ ಖಡುವಿನಾಗ ಬರದಿಡ್ರಿ. ನಾ ಸಂಜಿಗೆ ಬಂದು ಸುತ್ತತೇನಿ."

ಖಡು ಅಂದರೆ ಸೀಮೆಸುಣ್ಣ. ಅಪ್ಪ ಓಣಿ ದಾಟುವ ಮೊದಲೇ ನಾನು ನಲವತ್ತಾರು ಎಂದೆ. ಅಕ್ಕ ಕೂತಳು. ಮಧ್ಯಾಹ್ನ ಪುಂಡಿಪಲ್ಯ, ರೊಟ್ಟಿ ಆರಿಹೋಗುವವರೆಗೆ ಕೂತಳು. ಮೊದಲು ಐವತ್ತೆರಡು ಬಂತು, ಎರಡನೆಯ ಸಲ ಐವತ್ತೊಂದು, ಮೂರನೆಯ ಸಲ ಮತ್ತೆ ಐವತ್ತೆರಡು.

"ಸುಮಾ, ಐವತ್ತೆರಡ ಐತಿ ಇದು. ಬೇರೆ ಐತಿ."

"ಹಸರ ಮೋಟಾರಿಗೆ ಎಂದಾದ್ರೂ ಐವತ್ತೆರಡ ಇರತೈತೇನಬೇ? ಒಮ್ಮೆ ಐವತ್ತೆರಡಂತಿ, ಒಮ್ಮೆ ಐವತ್ತೊಂದಂತಿ. ನಿನಗ ಎಣಿಸಾಕ ಬರೂದಿಲ್ಲ. ನಲವತ್ತಾರ ಬರಿ."

ಅವಳು ಸುರುಳಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ಖಡು ತಗೊಂಡು ತನ್ನ ಗುಂಡಗಿನ ಅಕ್ಷರದಲ್ಲಿ ನಲವತ್ತಾರು ಎಂದು ಬರೆದಳು. ಬರೆಸಿದವಳು ನಾನು. ಹೇಳಿದ ಮಾತನ್ನು ಬರೆಯುವ ಕಷ್ಟವನ್ನೂ ಅವಳ ಮೇಲೇ ಹಾಕಿದ್ದು ನನ್ನ ಆ ಕಾಲದ ದೊಡ್ಡಸ್ತಿಕೆ.

ಐದನೆಯ ದಿನ ಮುಂಜಾನೆ ಬಸಲಿಂಗಪ್ಪನ ಚಕ್ಕಡಿ ಮತ್ತೆ ಬಾಗಿಲಿಗೆ ಬಂತು. ಅವನು ಸಿಟ್ಟು ಮಾಡುವ ಮನುಷ್ಯನಲ್ಲ. ಅದೇ ನಮಗೆ ಹೆಚ್ಚು ಕಷ್ಟವಾಯಿತು.

"ನಾಕ ದಿನ ಸೈತ ಓಡ್ಲಿಲ್ಲರಿ ಮಿಸ್ತ್ರಿ. ಗಿಡ ಅರ್ಧಕ್ಕರ್ಧ ಹೋದೂವು."

ಅಪ್ಪ ಹಿತ್ತಿಲಿಗೆ ಹೋಗಿ, ಹಳೆಯ ತಂತಿ ಹಾಕುವ ಚೀಲ ಕವುಚಿ, ಆ ಮೋಟಾರಿನ ಸುರುಳಿಯನ್ನು ಹುಡುಕಿ ತೆಗೆದ. ತಾನೇ ಕೂತು ಎಣಿಸಿದ. ನಾವು ಮೂವರು ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಐವತ್ತೆರಡು ಎಂದು ಅಪ್ಪ ಗಟ್ಟಿಯಾಗಿಯೇ ಹೇಳಿದ. ಆಮೇಲೆ ಒಳಗಿನ ಕಬ್ಬಿಣವನ್ನು ಗೇಣು ಹಾಕಿ ಅಳೆದು ನೋಡಿದ. ಬಣ್ಣ ಅದೇ, ಕಬ್ಬಿಣ ಬೆರಳಗಲ ಗಿಡ್ಡ. ಗಿಡ್ಡ ಕಬ್ಬಿಣಕ್ಕೆ ಸುತ್ತು ಹೆಚ್ಚು ಬೇಕು. ಅವಸರದಲ್ಲಿ ಅದು ಅವನ ಕಣ್ಣಿಗೂ ಬಿದ್ದಿರಲಿಲ್ಲ, ಖಡುವಿನ ಅಂಕಿ ನೋಡಿ ಸುತ್ತಿಬಿಟ್ಟಿದ್ದ.

"ಯಾರ ಎಣಿಸಿದ್ದು ಇದನ್ನ?"

ಆಗ ನನಗೆ ಹದಿನಾಲ್ಕು ವರ್ಷ. ಹದಿನಾಲ್ಕು ವರ್ಷವೂ ನಾನು ಹುಷಾರ್ ಹುಡುಗಿಯಾಗಿಯೇ ಆ ಮನೆಯಲ್ಲಿ ಉಂಡಿದ್ದೆ. ಆ ಕ್ಷಣದಲ್ಲಿ ಮೆಣಸಿನ ಗಿಡವಾಗಲಿ, ಬಸಲಿಂಗಪ್ಪನ ಮುಖವಾಗಲಿ ನನಗೆ ಕಾಣಲಿಲ್ಲ. ಆ 'ಹುಷಾರ್' ಎಂಬ ಮಾತು ಹೋಗಿಬಿಡುತ್ತದಲ್ಲ ಎಂಬುದಷ್ಟೇ ಕಂಡಿತು.

"ಅಕ್ಕ ಎಣಿಸಿದ್ಲು. ನೋಡು, ಅಕೀದ ಅಕ್ಷರ."

ಅಕ್ಕ ನನ್ನ ಕಡೆ ತಿರುಗಿದಳು. ಬಾಯಿ ತೆರೆಯಲಿಲ್ಲ. ಅಪ್ಪ ಹೊಡೆಯಲಿಲ್ಲ, ಅವನು ಹೊಡೆಯುವವನೂ ಅಲ್ಲ. ನಾಳೆಯಿಂದ ನೀನು ಅವ್ವನ ಜೊತೆ ಒಳಗಿರು, ಮುಂದಿನ ಕೋಣೆಗೆ ಬರಬೇಡ ಎಂದಷ್ಟೇ ಹೇಳಿದ. ಶಾಲೆ ಶುರುವಾದ ಮೇಲೂ ಅದು ಹಾಗೇ ಉಳಿಯಿತು. ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೆ, ಎಣಿಸಲು ಬಾರದವಳು ಹತ್ತನೆಯದು ಹೇಗೆ ಪಾಸಾಗುತ್ತಾಳೆ, ಈ ವರ್ಷ ಬಿಡಲಿ ಎಂದೂ ಅಪ್ಪ ಅಂದ. ಅದನ್ನು ತಡೆದವಳು ಅವ್ವ.

"ಅಕಿ ಪರೀಕ್ಷಾ ಬರೀಲಿಲ್ಲಂದ್ರ ನಾ ಈ ಮನ್ಯಾಗ ಒಲಿ ಹಚ್ಚೂದಿಲ್ಲ. ನಿಮ್ಮ ಮೋಟಾರಿನ ಬಲ್ಬಿನ ಮ್ಯಾಲ ರೊಟ್ಟಿ ಸುಟಗೊಂಡ ತಿನ್ರಿ."

ಅಪ್ಪ ಅರ್ಜಿಗೆ ಸಹಿ ಹಾಕಿದ. ನನಗೆ ಆಗ ಎಷ್ಟು ಹಗುರವಾಯಿತೆಂದರೆ, ಇನ್ನು ನಾನು ಏನನ್ನೂ ಹೇಳಬೇಕಾಗಿಲ್ಲ ಎಂದುಕೊಂಡೆ. ಫಲಿತಾಂಶ ಬಂದಾಗ ಗಣಿತದಲ್ಲಿ ನನಗೆ ತೊಂಬತ್ತೊಂದು, ಅಕ್ಕನಿಗೆ ಮೂವತ್ತೆಂಟು. ಅಪ್ಪ ಕುಂದಾ ತರಿಸಿ ಓಣಿಗೆಲ್ಲ ಹಂಚಿದ. ಅಕ್ಕನೂ ಒಂದು ತುಂಡು ತಿಂದು, ಛಲೋ ಐತಿ ಎಂದಳು. ಅವಳು ಮುಂದೆ ಕಲಿಯುವ ಮಾತು ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಪಕ್ಕದ ಮನೆಯ ಹೊಲಿಗೆ ಯಂತ್ರದಲ್ಲಿ ಸೀರೆಗೆ ಝಂಪರ್ ಹೊಲಿಯುವುದು ಕಲಿಯತೊಡಗಿದಳು. ನಾನು ಊರಿನ ಕಾಲೇಜಿಗೆ ಸೈನ್ಸಿಗೆ ಸೇರಿದೆ.

ಅಲ್ಲಿ ನನಗೆ ಆದದ್ದು ಆಗಬೇಕಾದ್ದೇ. ಮೊದಲ ಪರೀಕ್ಷೆಯಲ್ಲೇ ಗಣಿತದ ಸರ್ ಪುಸ್ತಕದಲ್ಲಿಲ್ಲದ ಲೆಕ್ಕಗಳನ್ನು ಕೊಟ್ಟರು. ನಾನು ಒಂದೊಂದನ್ನೂ ಓದಿ, ಇದು ಯಾವ ಪುಟದ್ದು ಎಂದು ತಲೆಯೊಳಗೆ ಪುಟ ತಿರುವಿದೆ. ಸಿಗಲಿಲ್ಲ. ಎರಡು ನಿಮಿಷ ನೋಡಿ ಮುಂದಿನದಕ್ಕೆ ಹೋದೆ, ಅಲ್ಲಿಂದ ಅದರ ಮುಂದಿನದಕ್ಕೆ. ಹತ್ತು ನಿಮಿಷದಲ್ಲಿ ಎಲ್ಲವೂ ಮುಗಿದವು. ಉಳಿದ ಹೊತ್ತೆಲ್ಲ ಪ್ರಶ್ನೆಪತ್ರಿಕೆ ತಿರುವುತ್ತಾ ಕೂತಿದ್ದೆ. ಐವತ್ತಕ್ಕೆ ಒಂಬತ್ತು ಬಂತು. ಆ ಉತ್ತರಪತ್ರಿಕೆಯನ್ನು ಜೋಳದ ಚೀಲದ ಹಿಂದೆ ಬಚ್ಚಿಟ್ಟೆ. ಮನೆಯಲ್ಲಿ ತಲೆನೋವು ಎಂದು ಸುಳ್ಳು ಹೇಳಿ ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ನನಗೆ ಗಣಿತ ಬರುವುದಿಲ್ಲ, ಎಂದೂ ಬರುತ್ತಿರಲಿಲ್ಲ ಎಂಬ ಹೆದರಿಕೆ ನನ್ನನ್ನು ಹಿಡಿದುಬಿಟ್ಟಿತ್ತು.

ಜೋಳ ತೆಗೆಯಲು ಹೋದ ಅಕ್ಕನಿಗೆ ಅದು ಸಿಕ್ಕಿತು. ಮಧ್ಯಾಹ್ನ, ಅವ್ವ ಗಿರಣಿಗೆ ಹೋಗಿದ್ದ ಹೊತ್ತು. ಬಯ್ಯುತ್ತಾಳೆ, ಇಲ್ಲವೇ ನಗುತ್ತಾಳೆ ಎಂದುಕೊಂಡೆ. ಅವಳು ಪತ್ರಿಕೆಯನ್ನು ನೆಲದ ಮೇಲೆ ಹರವಿ, ಕೆಂಪು ಸೊನ್ನೆ ಬಿದ್ದ ಒಂದು ಲೆಕ್ಕದ ಮೇಲೆ ಬೆರಳಿಟ್ಟಳು.

"ಇದರಾಗ ಏನ ಕೊಟ್ಟಾರ? ಏನ ಕೇಳ್ಯಾರ?"

"ನಿನಗ ತಿಳಿಯೂದಿಲ್ಲ ಬಿಡಕ್ಕಾ."

"ನನಗ ತಿಳಿಯೂದಿಲ್ಲ, ಖರೇ. ನೀ ಹೇಳು."

ಒಬ್ಬ ಮನುಷ್ಯ ದೂರದಿಂದ ಒಂದು ಗೋಪುರದ ತುದಿಯನ್ನು ನೋಡುತ್ತಾನೆ, ನೋಟ ನೆಲದಿಂದ ಮೂವತ್ತು ಡಿಗ್ರಿ ಮೇಲಿದೆ. ನಲವತ್ತು ಮೀಟರು ಹತ್ತಿರ ನಡೆದು ಮತ್ತೆ ನೋಡುತ್ತಾನೆ, ಈಗ ಅರವತ್ತು ಡಿಗ್ರಿ. ಗೋಪುರದ ಎತ್ತರವೆಷ್ಟು? ಅಕ್ಕ ನೆಲದ ಮೇಲೆ ಚಿತ್ರ ಬರೆಯಲು ಹೇಳಿದಳು. ನಾನು ಬರೆದದ್ದು ಅವಳಿಗೆ ಹಿಡಿಸಲಿಲ್ಲ, ಅಳಿಸಿ, ದೊಡ್ಡದಾಗಿ ಬರೆ ಎಂದಳು. ಮೊದಲು ಎಲ್ಲಿ ನಿಂತಿದ್ದ? ಆಮೇಲೆ ಎಲ್ಲಿಗೆ ಬಂದ? ಇದರಲ್ಲಿ ಗೊತ್ತಿರುವುದು ಯಾವುದು, ಗೊತ್ತಿಲ್ಲದ್ದು ಯಾವುದು? ಮುಂದಿನ ಕೋಣೆಯಲ್ಲಿ ಅಪ್ಪ ರೈತರನ್ನು ಕೇಳುತ್ತಿದ್ದ ಹಾಗೆಯೇ ಕೇಳಿದಳು. ಗೊತ್ತಿಲ್ಲದಿರುವುದಕ್ಕೆ ಅವಳಿಗೆ ಸ್ವಲ್ಪವೂ ನಾಚಿಕೆ ಇರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಚಿತ್ರದ ಮೇಲೆ ಬಗ್ಗಿ ಅಂದಳು:

"ಅಂವ ನಡದ ದಾರಿ, ಮತ್ತ ಎರಡನೇ ಸಲ ನಿಂತಲ್ಲಿಂದ ತುದೀಗೆ ಹೋಗೂ ಗೆರಿ, ಎರಡೂ ಒಂದ ಉದ್ದ ಕಾಣ್ತಾವಲ್ಲ. ಹಂಗ ಇರಬಹುದೇನು?"

ನಾನು ಇಲ್ಲ ಎನ್ನಲು ಹೊರಟವಳು ನಿಂತೆ. ಅರವತ್ತರಲ್ಲಿ ಮೂವತ್ತು ಕಳೆದರೆ ಮೂವತ್ತು. ಗೋಪುರದ ತುದಿಯಲ್ಲೂ ಮೂವತ್ತು, ಅವನು ಮೊದಲು ನಿಂತಲ್ಲೂ ಮೂವತ್ತು. ಎರಡು ಕೋನ ಸಮವಾದರೆ ಎದುರಿನ ಎರಡು ಗೆರೆಯೂ ಸಮ. ಆ ಗೆರೆಯೂ ನಲವತ್ತೇ. ಮುಂದಿನದೆಲ್ಲ ನಾನೇ ಮಾಡಿದೆ. ಉತ್ತರ ಬಂದಾಗ ಅವ್ವ ಹಿಟ್ಟಿನ ಡಬ್ಬಿ ಹೊತ್ತು ಬಾಗಿಲಲ್ಲಿ ನಿಂತಿದ್ದಳು, ದೀಪ ಹಚ್ಚುವ ಹೊತ್ತಾಗಿತ್ತು. ಜೀವಮಾನದಲ್ಲಿ ನಾನು ಬಿಡಿಸಿದ ಮೊದಲ ಲೆಕ್ಕ ಅದು. ಖುಷಿಗಿಂತ ಮೊದಲು ಅಳು ಬಂತು.

ಅವ್ವ ಒಳಗೆ ಹೋದ ಮೇಲೆ ನಾನು ಮುರಗೋಡದ ಮೋಟಾರಿನ ಮಾತು ತೆಗೆದೆ. ತಪ್ಪಾಯಿತು ಅಕ್ಕಾ ಎಂದೆ. ಅವಳು ನೆಲದ ಮೇಲಿನ ಗೋಪುರವನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು, ಒರೆಸುವುದನ್ನು ನಿಲ್ಲಿಸಲಿಲ್ಲ.

"ನೀ ಸುಳ್ಳ ಹೇಳಿದ್ದಕ್ಕ ಸಿಟ್ಟ ಬಂದಿತ್ತು. ಅದು ಎಂಟ ದಿನದ ಸಿಟ್ಟ, ಹೋತು. ನನ್ನ ಐವತ್ತೆರಡ ಬಾಯಾಗ ಇತ್ತು ನೋಡು, ಅದನ್ನ ನುಂಗಿ ನಿನ್ನ ನಲವತ್ತಾರ ಬರದ್ನೆಲ್ಲ, ಅದ ಇನ್ನೂ ಹೋಗವಲ್ದು. ಅವತ್ತಿಂದ ಏನ ಎಣಿಸಿದ್ರೂ ನಂದ ತಪ್ಪ ಇರಬೇಕ ಅನಸ್ತೈತಿ. ಪರೀಕ್ಷಾದಾಗೂ ಹಂಗ ಆತು. ಬರದಿದ್ದನ್ನ ಹೊಡದ ಹಾಕಿ ಬಂದೆ."

ಮೂವತ್ತೆಂಟು ಹೇಗೆ ಬಂತು ಎಂಬುದು ನನಗೆ ಆಗ ಗೊತ್ತಾಯಿತು. ಅವಳಿಗೆ ತಿಳಿಯದೆ ಬಂದದ್ದಲ್ಲ ಅದು. ತಿಳಿದು ಬರೆದದ್ದನ್ನು ತಾನೇ ಅಡ್ಡಗೆರೆ ಎಳೆದು ಕಳೆದುಕೊಂಡದ್ದು. ಆ ಗೆರೆ ಎಳೆಯುವುದನ್ನು ಕಲಿಸಿದವಳು ನಾನು. ಅವತ್ತು ನನಗೆ ನನ್ನ ಮೇಲೆ ಬಂದಷ್ಟು ಹೇಸಿಗೆ ಮತ್ತೆಂದೂ ಬಂದಿಲ್ಲ.

ಮರುದಿನ ಮುಂಜಾನೆ ಅಪ್ಪ ರೊಟ್ಟಿ ತಿನ್ನುತ್ತಾ ಕೂತಿದ್ದಾಗ ಅವ್ವ, ಅಕ್ಕ ಇಬ್ಬರ ಎದುರಿಗೇ ಎಲ್ಲ ಹೇಳಿದೆ. ಎಣಿಸದೆ ಹೇಳುತ್ತಿದ್ದದ್ದು, ಅಕ್ಕನಿಂದ ಬರೆಸಿದ್ದು, ಸುಳ್ಳು ಹೇಳಿದ್ದು, ಐವತ್ತಕ್ಕೆ ಒಂಬತ್ತು, ಎಲ್ಲ. ಅಪ್ಪ ಮುರಿದ ತುತ್ತನ್ನು ತಾಟಿನಲ್ಲಿಯೇ ಇಟ್ಟ. ನನ್ನ ಕಡೆ ನೋಡಲೇ ಇಲ್ಲ.

"ಗಂಗಾ, ನೀ ಯಾಕವಾ ಅವತ್ತ ಬಾಯಿ ತಗೀಲಿಲ್ಲ?"

"ತಗದಿದ್ರ ನೀ ನಂಬತಿದ್ದೇನಪಾ?"

ಅಪ್ಪ ಕೈ ತೊಳೆದು ಎದ್ದ. ಗಿರಾಕಿಗಳ ಮುಂದೆ ಅವನು ನಮ್ಮಿಬ್ಬರ ಬಗ್ಗೆ ಆಡುತ್ತಿದ್ದ ಆ ಹಳೆಯ ಮಾತು ಆಮೇಲೆ ನಾನು ಕೇಳಿದ್ದಿಲ್ಲ.

ಭಾನುವಾರ ಸಿರಸಂಗಿಯಿಂದ ಒಂದು ಮೋಟಾರು ಬಂತು. ಬಣ್ಣವಿಲ್ಲ, ಹೆಸರಿನ ಪಟ್ಟಿ ಕಿತ್ತುಹೋಗಿದೆ, ನಾವು ಯಾರೂ ಮೊದಲು ನೋಡಿದ್ದಲ್ಲ. ಅಪ್ಪ ಅದರ ಒಂದೇ ಸುತ್ತಿನ ಎರಡು ಸುರುಳಿ ಕಡಿದು, ಒಂದನ್ನು ನನ್ನ ಮುಂದೆ ಇಟ್ಟ. ಇನ್ನೊಂದನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ, ಬಾರವಾ ಎಂದ. ಅಕ್ಕ ಕೈಯ ಹಿಟ್ಟು ತೊಳೆದು ಬಂದು ಮುಂದಿನ ಕೋಣೆಯ ಇನ್ನೊಂದು ಮೂಲೆಯಲ್ಲಿ ಕೂತಳು. ಹೆಚ್ಚುಕಡಿಮೆ ಒಂದೂವರೆ ವರ್ಷದ ಮೇಲೆ ಅವಳು ಅಲ್ಲಿ ಕೂತದ್ದು. ನಾನು ಈ ಸಲ ನಿಜವಾಗಿ ಎಣಿಸಿದೆ. ಮೊದಲು ಅರವತ್ತೊಂದು ಬಂತು, ಆಮೇಲೆ ಐವತ್ತೆಂಟು, ಮತ್ತೆ ಅರವತ್ತೊಂದು. ಅರವತ್ತೊಂದು ಎಂದು ಅಪ್ಪನಿಗೆ ಮೆಲ್ಲಗೆ ಹೇಳಿದೆ. ಅಕ್ಕ ಇನ್ನೂ ಎಣಿಸುತ್ತಿದ್ದಳು. ಅವ್ವ ಊಟಕ್ಕೆ ಕರೆದಳು, ಯಾರೂ ಏಳಲಿಲ್ಲ. ಕೊನೆಗೆ ಅಕ್ಕ ತಲೆಯೆತ್ತದೆ, ಐವತ್ತೊಂಬತ್ತು ಎಂದಳು.

"ಸುಮಾ ಸೈನ್ಸ್ ಕಾಲೇಜಿಗೆ ಹೊಕ್ಕಾಳ. ಅಕಿ ಅರವತ್ತೊಂದ ಅಂತಾಳ. ನಿಂದ ಬಿಡ್ತೀಯೇನು?"

ಅಪ್ಪ ಅದನ್ನು ಬೇಕೆಂದೇ ಕೇಳಿದ. ನನಗೆ ಗೊತ್ತಾಯಿತು, ಅವ್ವನಿಗೂ ಗೊತ್ತಾಯಿತು, ಅವಳು ಸೆರಗಿನ ತುದಿಯನ್ನು ಹಿಂಡುತ್ತಾ ಬಾಗಿಲಲ್ಲೇ ನಿಂತಳು. ಅಕ್ಕನಿಗೆ ಗೊತ್ತಾಯಿತೋ ಇಲ್ಲವೋ ಕಾಣೆ. ಅವಳ ಮುಖ ಸಣ್ಣದಾಯಿತು. ಕಟ್ಟಿದ ನೂಲುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದಳು. ಮುಗಿಯಿತು, ಬಿಟ್ಟಳು ಎಂದುಕೊಂಡೆ. ಅವಳು ಸುರುಳಿಯನ್ನು ತಿರುಗಿಸಿ, ಆ ಬದಿಯಿಂದ ಮತ್ತೆ ಒಂದು, ಎರಡು ಎಂದು ಶುರು ಮಾಡಿದಳು. ನಾವು ಮೂವರೂ ಅವಳ ತುಟಿ ಅಲ್ಲಾಡುವುದನ್ನೇ ನೋಡುತ್ತಾ ಇದ್ದೆವು. ಕೊನೆಯ ತುದಿ ಮುಟ್ಟಿ, ಸೂಜಿ ಕೆಳಗಿಟ್ಟು, ಅಪ್ಪನ ಮುಖವನ್ನು ನೇರವಾಗಿ ನೋಡಿದಳು.

"ಇಲ್ಲಪಾ, ಬಿಡೂದಿಲ್ಲ. ಐವತ್ತೊಂಬತ್ತ ಐತಿ. ಅಕಿ ಬೇಕಾದ್ರ ಇನ್ನೊಮ್ಮೆ ಎಣಿಸಲಿ."

ಅಪ್ಪ ನನ್ನ ಎಣಿಕೆಗೆ ಕಾಯಲಿಲ್ಲ. ಎದ್ದು ಹೊಸ ತಂತಿ ತೆಗೆದು, ಐವತ್ತೊಂಬತ್ತಕ್ಕೆ ಸುತ್ತಲು ಕೂತ. ನಾನು ಸೂಜಿ ಎತ್ತಿಕೊಂಡು ಮೊದಲಿನಿಂದ ಎಣಿಸತೊಡಗಿದೆ.